ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲ ರೈಫಲ್ ಸ್ಕೋಪ್ ಕೊಳ್ಳುವ ಮುನ್ನ

ಸ್ಪರ್ಧೆಗೆ ಹೊಸದಾಗಿ ಇಳಿಯುತ್ತಿರುವವರು ಸ್ಕೋಪ್ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹುತೇಕ ಎಲ್ಲರದೂ ಒಂದೇ ಅಳಲು: ಕೈಯಲ್ಲಿರುವ ಹಣ ಕಡಿಮೆ, ಕಣ್ಣ ಮುಂದಿರುವ ಮಾದರಿಗಳು ಲೆಕ್ಕವಿಲ್ಲದಷ್ಟು.

ಪ್ರಶ್ನೆ: 10 ಮೀಟರ್ ಏರ್ ರೈಫಲ್ ಅಭ್ಯಾಸ ಶುರು ಮಾಡಿದ್ದೇನೆ. ಮೊದಲ ಸ್ಪರ್ಧೆಗೆ ಅಗ್ಗದ ಯಾವ ಸ್ಕೋಪ್ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಡಿ ನಡೆಯುವ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕ ಸ್ಕೋಪ್‌ಗೆ ಅವಕಾಶವಿಲ್ಲ. ಅಲ್ಲಿ ಹಿಂದೆ ಸಣ್ಣ ರಂಧ್ರದ ಡಯಾಪ್ಟರ್, ಮುಂದೆ ಉಂಗುರವಿರುವ ಫೋರ್‌ಸೈಟ್, ಅಷ್ಟೇ. ಆ ಹಣವನ್ನು ಒಳ್ಳೆಯ ಡಯಾಪ್ಟರ್‌ಗೆ, ಶೂಟಿಂಗ್ ಜಾಕೆಟ್‌ಗೆ ಇಡಿ. ಸ್ಕೋಪ್ ನಡೆಯುವುದು ಬೆಂಚ್‌ರೆಸ್ಟ್, ಫೀಲ್ಡ್ ಟಾರ್ಗೆಟ್, ಎಫ್-ಕ್ಲಾಸ್, ಸಿಲೂಯೆಟ್, ಪ್ರಿಸಿಷನ್ ರೈಫಲ್ ಮತ್ತು ಓಡುವ ಗುರಿಯಂಥ ವಿಭಾಗಗಳಲ್ಲಿ. ಅವುಗಳಲ್ಲೂ ಕೆಲವು ವರ್ಗಗಳಿಗೆ ವರ್ಧನೆಯ ಮಿತಿ ಇದೆ. ಬೆಂಚ್‌ರೆಸ್ಟ್‌ನ ಹಂಟರ್ ವರ್ಗ ಅಂಥದ್ದು, ಅಲ್ಲಿ 6 ಪಟ್ಟಿಗಿಂತ ಮೇಲೆ ಹೋಗುವಂತಿಲ್ಲ. ಎಫ್-ಕ್ಲಾಸ್‌ನ ಎಫ್‌ಟಿಆರ್ ವರ್ಗದಲ್ಲಿ ರೈಫಲ್, ಬೈಪಾಡ್ (ಎರಡು ಕಾಲಿನ ಊರುಗೋಲು), ಸ್ಕೋಪ್ ಎಲ್ಲ ಸೇರಿ 8.25 ಕಿಲೋ ದಾಟಬಾರದು. ಹಾಗಾಗಿ ನೀವು ಆಡುವ ವರ್ಗದ ನಿಯಮಪುಸ್ತಕ ಓದಿ ಮುಗಿಸುವ ತನಕ ಪರ್ಸ್ ತೆಗೆಯಬೇಡಿ.

ಪ್ರಶ್ನೆ: ಬಜೆಟ್ ಸಣ್ಣದು. 3-9, 4-16, 6-24, 8-32 ಎಂದೆಲ್ಲ ಬರೆದಿರುತ್ತಾರೆ. ಹೆಚ್ಚು ಪಟ್ಟು ಇರುವುದನ್ನೇ ಕೊಂಡರೆ ಮುಂದೆಯೂ ಉಪಯೋಗವಾಗುತ್ತದಲ್ಲವೇ?

ಉತ್ತರ: ಕಡಿಮೆ ಬೆಲೆಯಲ್ಲಿ ಹೆಚ್ಚು ಪಟ್ಟು ಕೊಡುವ ತಯಾರಕ ಇನ್ನೆಲ್ಲೋ ಕತ್ತರಿ ಹಾಕಿರುತ್ತಾನೆ. ಕತ್ತರಿ ಬೀಳುವುದು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಜಾಗಕ್ಕೆ, ಅಂದರೆ ಟರೆಟ್ (ಅಡ್ಡಗೆರೆ ಸರಿಸುವ ಗುಂಡಿ) ಒಳಗಿನ ತಿರುಪು, ಸ್ಪ್ರಿಂಗ್, ಒಳಕೊಳವೆಗೆ. ಸ್ಕೋಪ್‌ನ ಮೊದಲ ಕೆಲಸ ಗುರಿಯನ್ನು ದೊಡ್ಡದು ಮಾಡುವುದಲ್ಲ. ಅಡ್ಡಗೆರೆ ಇಟ್ಟಲ್ಲಿ ಇರಬೇಕು, ತಿರುಗಿಸಿದಷ್ಟೇ ಸರಿಯಬೇಕು, ಹಿಂದಕ್ಕೆ ತಿರುಗಿಸಿದರೆ ಮೊದಲಿದ್ದ ಜಾಗಕ್ಕೇ ಬರಬೇಕು. ಇಷ್ಟು ಮಾಡದ 32 ಪಟ್ಟಿನ ಸ್ಕೋಪ್‌ಗಿಂತ ಇಷ್ಟನ್ನು ಮಾಡುವ 12 ಪಟ್ಟಿನದು ಎಷ್ಟೋ ಮೇಲು.

ಇನ್ನೊಂದು ಲೆಕ್ಕವೂ ಇದೆ. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಂಬದ ಅಗಲ ಸಿಗುತ್ತದೆ. 40 ಮಿಮೀ ಮಸೂರ 10 ಪಟ್ಟಿನಲ್ಲಿ 4 ಮಿಮೀ ಬಿಂಬ ಕೊಡುತ್ತದೆ. 50 ಮಿಮೀ ಮಸೂರವೇ ಆದರೂ 32 ಪಟ್ಟಿಗೆ ಏರಿಸಿದರೆ ಸಿಗುವುದು ಸುಮಾರು 1.6 ಮಿಮೀ. ಚಿತ್ರ ಮಂಕಾಗುತ್ತದೆ, ತಲೆ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಕಪ್ಪು ನೆರಳು ಬರುತ್ತದೆ. ಬಿಸಿಲಲ್ಲಿ ನೆಲದಿಂದ ಏಳುವ ಬಿಸಿಗಾಳಿಯೂ ಅಷ್ಟೇ ದೊಡ್ಡದಾಗಿ ಕಾಣುವುದರಿಂದ ಗುರಿ ನೀರಿನಲ್ಲಿ ಅಲ್ಲಾಡಿದಂತಿರುತ್ತದೆ. ಮೇಲಾಗಿ ನಿಮ್ಮ ನಾಡಿಬಡಿತವೂ ಅಡ್ಡಗೆರೆಯಲ್ಲಿ ಕುಣಿಯತೊಡಗುತ್ತದೆ. ಹೊಸಬರು ಅದನ್ನು ಕಂಡು ಗಾಬರಿಯಾಗಿ ಟ್ರಿಗರ್ ಎಳೆಯುವುದಿಲ್ಲ, ಕಿತ್ತುಬಿಡುತ್ತಾರೆ.

.22 ರಿಮ್‌ಫೈರ್ ಹಿಡಿದು 50ರಿಂದ 100 ಮೀಟರ್ ಆಡುವವರಿಗೆ 4-16 ಸಾಕಷ್ಟಾಯಿತು. ನಿಂತು ಹೊಡೆಯುವ ಸಿಲೂಯೆಟ್‌ನಲ್ಲಿ ಅದನ್ನೂ 8-10ಕ್ಕೆ ಇಳಿಸಿಕೊಳ್ಳುವುದು ಜಾಣತನ. ಬೆಂಚಿನ ಮೇಲೆ ಒರಗಿಸಿ ಕಾಗದದ ಸಣ್ಣ ಚುಕ್ಕೆಗೆ ಹೊಡೆಯುವವರಿಗೆ ಮಾತ್ರ 24, 36 ಪಟ್ಟು ನಿಜವಾಗಿ ಬೇಕು. ಆಗಲೂ ಹೆಚ್ಚು-ಕಡಿಮೆ ಮಾಡಲಾಗದ ಸ್ಥಿರ ವರ್ಧನೆಯ ಸ್ಕೋಪ್ ನೋಡಿ. ಒಳಗೆ ಚಲಿಸುವ ಭಾಗಗಳು ಕಡಿಮೆ, ಹಾಗಾಗಿ ಅದೇ ಹಣಕ್ಕೆ ಗಟ್ಟಿತನ ಹೆಚ್ಚು.

ಪ್ರಶ್ನೆ: ಪ್ಯಾರಲ್ಯಾಕ್ಸ್ ಹೊಂದಿಸುವ ಗುಂಡಿ ಇಲ್ಲದ ಸ್ಕೋಪ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?

ಉತ್ತರ: ಒಂದೇ ದೂರಕ್ಕೆ ಆಡುವುದಾದರೆ, ಮತ್ತು ಆ ಸ್ಕೋಪ್ ಅದೇ ದೂರಕ್ಕೆ ಹೊಂದಿಸಿ ಬಂದಿದ್ದರೆ, ಆಗಬಹುದು. ಇಲ್ಲವೆಂದರೆ ಬೇಡ. ಹಣ ಉಳಿಸಲು ಏನನ್ನಾದರೂ ಬಿಡಿ, ಇದೊಂದನ್ನು ಬಿಡಬೇಡಿ.

ಗುರಿಯ ಬಿಂಬ ಮತ್ತು ಅಡ್ಡಗೆರೆ ಸ್ಕೋಪ್ ಒಳಗೆ ಒಂದೇ ಸಮತಲದಲ್ಲಿ ಕೂರದಿದ್ದರೆ, ಕಣ್ಣು ಅತ್ತಿತ್ತ ಸರಿದಂತೆ ಅಡ್ಡಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಇದೇ ಪ್ಯಾರಲ್ಯಾಕ್ಸ್. ರೈಫಲ್ ಅಲ್ಲಾಡಿರುವುದಿಲ್ಲ, ನೋಡುವ ಜಾಗ ಬದಲಾಗಿರುತ್ತದೆ. ಎಷ್ಟು ತಪ್ಪಬಹುದು ಎಂಬುದಕ್ಕೆ ಸರಳ ಸೂತ್ರವಿದೆ: ಮುಂದಿನ ಮಸೂರದ ಅರ್ಧ ವ್ಯಾಸ, ಅದನ್ನು ಗುರಿಯ ದೂರಕ್ಕೂ ಸ್ಕೋಪ್ ಹೊಂದಿಸಿದ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಸ್ಕೋಪ್ ಹೊಂದಿಸಿದ ದೂರದಿಂದ ಭಾಗಿಸಿ. 40 ಮಿಮೀ ಮಸೂರದ ಸ್ಕೋಪ್ 100 ಮೀಟರ್‌ಗೆ ಹೊಂದಿಸಿದ್ದು, ನೀವು 50 ಮೀಟರ್‌ನಲ್ಲಿ ಆಡುತ್ತಿದ್ದೀರಿ ಎನ್ನಿ. 20 × 50 ÷ 100, ಅಂದರೆ ಗರಿಷ್ಠ 10 ಮಿಮೀ. 50 ಮೀಟರ್ ರೈಫಲ್ ಕಾಗದದಲ್ಲಿ ಹತ್ತರ ಉಂಗುರದ ವ್ಯಾಸವೇ 10.4 ಮಿಮೀ. ನಟ್ಟನಡುವೆ ಬೀಳಬೇಕಿದ್ದ ಗುಂಡು ಒಂಬತ್ತಕ್ಕೆ ಹೋಗಲು ಇಷ್ಟು ಸಾಕು. ಅದೇ ಸ್ಕೋಪನ್ನು ಏರ್ ರೈಫಲ್ ಮೇಲೆ ಕೂರಿಸಿ 10 ಮೀಟರ್ ನೋಡಿದರೆ ತಪ್ಪು 18 ಮಿಮೀವರೆಗೆ ಹೋಗಬಹುದು, ಚಿತ್ರವೂ ಮಸುಕು.

ಹಾಗಾಗಿ ಪೆಟ್ಟಿಗೆಯ ಮೇಲೆ ಪಟ್ಟು ಎಷ್ಟೆಂದು ನೋಡುವ ಮೊದಲು ಕನಿಷ್ಠ ಫೋಕಸ್ ದೂರ ಎಷ್ಟೆಂದು ನೋಡಿ. ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಹಾಕಿ ಆಡುವವರಿಗೆ ಅದು 10 ಮೀಟರ್ ಅಥವಾ ಅದಕ್ಕೂ ಕಡಿಮೆ ಇರಬೇಕು. ಹೊಂದಿಸುವ ಗುಂಡಿ ಪಕ್ಕದಲ್ಲಿದ್ದರೆ ಮಲಗಿದ ಭಂಗಿಯಲ್ಲೂ ಕೈಗೆ ಸಿಗುತ್ತದೆ. ಮುಂದಿನ ಮಸೂರದ ಸುತ್ತ ಉಂಗುರವಿರುವ ಎಒ (ಅಡ್ಜಸ್ಟಬಲ್ ಆಬ್ಜೆಕ್ಟಿವ್) ಮಾದರಿಗೆ ಕೈ ಚಾಚಬೇಕು, ಆದರೆ ಅಗ್ಗದ ವರ್ಗದಲ್ಲಿ ಅದರ ರಚನೆ ಸರಳ, ಬಾಳಿಕೆಯೂ ಚೆನ್ನ.

ಬಳಸುವ ಕ್ರಮ: ಮೊದಲು ಬಿಳಿ ಗೋಡೆ ಅಥವಾ ಆಕಾಶದತ್ತ (ಸೂರ್ಯನತ್ತ ಖಂಡಿತ ಅಲ್ಲ) ಸ್ಕೋಪ್ ಹಿಡಿದು ಎರಡು-ಮೂರು ಸೆಕೆಂಡು ಮಾತ್ರ ನೋಡಿ, ಹಿಂದಿನ ಕಣ್ಮಸೂರ ತಿರುಗಿಸಿ ಅಡ್ಡಗೆರೆಯನ್ನು ಚೂಪು ಮಾಡಿಕೊಳ್ಳಿ. ಹೆಚ್ಚು ಹೊತ್ತು ನೋಡಿದರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ. ಇದು ಒಮ್ಮೆ ಮಾಡುವ ಕೆಲಸ. ಆಮೇಲೆ ರೈಫಲ್ ಅಲ್ಲಾಡದಂತೆ ಮರಳುಚೀಲದ ಮೇಲಿಟ್ಟು, ತಲೆಯನ್ನು ಮೇಲೆ-ಕೆಳಗೆ ಸ್ವಲ್ಪ ಆಡಿಸುತ್ತ ಪಕ್ಕದ ಗುಂಡಿ ತಿರುಗಿಸಿ. ಅಡ್ಡಗೆರೆ ಗುರಿಗೆ ಅಂಟಿಕೊಂಡಂತೆ ನಿಂತಾಗ ಸರಿಯಾಯಿತು. ಗುಂಡಿಯ ಮೇಲೆ ಕೆತ್ತಿದ ಅಂಕಿಗಳನ್ನು ನಂಬಬೇಡಿ, ಅವು ಅಂದಾಜು ಮಾತ್ರ. ನಿಮ್ಮದೇ ಗುರುತನ್ನು ಬಿಳಿ ಟೇಪಿನ ಮೇಲೆ ಹಾಕಿಕೊಳ್ಳಿ. ಫೀಲ್ಡ್ ಟಾರ್ಗೆಟ್‌ನವರು ಇದೇ ಗುಂಡಿಗೆ ದೊಡ್ಡ ಚಕ್ರ ಜೋಡಿಸಿ ದೂರವನ್ನೇ ಅಳೆಯುತ್ತಾರೆ. ಅಲ್ಲಿ ಬಿಸಿಲು-ಚಳಿಗೆ ಗುರುತುಗಳು ಜರುಗುತ್ತವೆ, ಆದ್ದರಿಂದ ಬೆಳಗಿನ ಟೇಪು ಮಧ್ಯಾಹ್ನಕ್ಕೆ ಹೊಂದದೇ ಹೋಗಬಹುದು.

ಪ್ರಶ್ನೆ: ಎಂಒಎ, ಮಿಲ್ ಎರಡರಲ್ಲಿ ಯಾವುದು ಸುಲಭ?

ಉತ್ತರ: ಎರಡೂ ಅಡ್ಡಗೆರೆ ಎಷ್ಟು ಸರಿಯಿತು ಎಂದು ಹೇಳುವ ಕೋನದ ಅಳತೆಗಳು. ಮೀಟರ್‌ನಲ್ಲಿ ಯೋಚಿಸುವವರಿಗೆ ಮಿಲ್. 0.1 ಮಿಲ್‌ನ ಒಂದು ಕ್ಲಿಕ್ 100 ಮೀಟರ್‌ನಲ್ಲಿ 10 ಮಿಮೀ, 50ರಲ್ಲಿ 5 ಮಿಮೀ. ಕಾಲು ಎಂಒಎ ಕ್ಲಿಕ್ 100 ಮೀಟರ್‌ನಲ್ಲಿ ಸುಮಾರು 7.3 ಮಿಮೀ, 50ರಲ್ಲಿ 3.6 ಮಿಮೀ. ಉದಾಹರಣೆಗೆ 50 ಮೀಟರ್‌ನಲ್ಲಿ ನಿಮ್ಮ ಐದು ಗುಂಡುಗಳ ನಡುಬಿಂದು 30 ಮಿಮೀ ಕೆಳಗೆ, 20 ಮಿಮೀ ಬಲಕ್ಕೆ ಬಿದ್ದಿದ್ದರೆ ಮಿಲ್ ಸ್ಕೋಪ್‌ನಲ್ಲಿ 6 ಕ್ಲಿಕ್ ಮೇಲೆ, 4 ಎಡಕ್ಕೆ. ಕಾಲು ಎಂಒಎಯಲ್ಲಿ 8 ಮೇಲೆ, 5 ಅಥವಾ 6 ಎಡಕ್ಕೆ. ಒಂದು ಗುಂಡು ನೋಡಿ ಕ್ಲಿಕ್ ಮಾಡಬೇಡಿ. ಬೆಂಚ್‌ರೆಸ್ಟ್‌ಗೆ ಎಂಟನೇ ಒಂದು ಎಂಒಎ ಒಳ್ಳೆಯದೇ, ಆದರೆ ಕಾಲು ಎಂಒಎಯಲ್ಲೂ 50 ಮೀಟರ್‌ನಲ್ಲಿ ನಡುಬಿಂದುವಿನಿಂದ ತಪ್ಪುವುದು ಹೆಚ್ಚೆಂದರೆ ಅರ್ಧ ಕ್ಲಿಕ್, ಸುಮಾರು 1.8 ಮಿಮೀ. ಹೊಸಬರ ಗ್ರೂಪ್ (ಗುಂಡುಗಳು ಬಿದ್ದ ಗುಂಪು) ಅದಕ್ಕಿಂತ ತುಂಬ ಅಗಲ ಇರುತ್ತದೆ.

ಒಂದೇ ಎಚ್ಚರಿಕೆ: ಅಡ್ಡಗೆರೆಯ ಗುರುತುಗಳು ಮಿಲ್‌ನಲ್ಲಿ, ಟರೆಟ್ ಎಂಒಎಯಲ್ಲಿ ಇರುವ ಮಿಶ್ರತಳಿಯನ್ನು ಕೊಳ್ಳಬೇಡಿ. ಒಂದು ಮಿಲ್ ಎಂದರೆ 3.44 ಎಂಒಎ. ಸ್ಪರ್ಧೆಯ ಗಡಿಬಿಡಿಯಲ್ಲಿ ಈ ಗುಣಾಕಾರ ಯಾರಿಗೂ ಬೇಡ.

ಪ್ರಶ್ನೆ: ಫಸ್ಟ್ ಫೋಕಲ್ ಪ್ಲೇನ್‌ಗೆ ಹೆಚ್ಚು ಹಣ ಕೊಡಬೇಕೇ?

ಉತ್ತರ: ಬೇರೆ ಬೇರೆ ದೂರದ ಗುರಿಗಳಿಗೆ ಗೆರೆಯ ಗುರುತಿನಿಂದಲೇ ಎತ್ತರ ಹಿಡಿದು ಹೊಡೆಯುವ ಆಟವಾದರೆ ಕೊಡಿ, ಪಟ್ಟು ಬದಲಿಸಿದರೂ ಗುರುತುಗಳ ಅಳತೆ ಕೆಡುವುದಿಲ್ಲ. ಒಂದೇ ದೂರದ ಕಾಗದದ ಗುರಿಗೆ ಸೆಕೆಂಡ್ ಫೋಕಲ್ ಪ್ಲೇನ್ ಸಾಕು, ಗೆರೆಯೂ ತೆಳ್ಳಗಿರುತ್ತದೆ. ಅದರಲ್ಲಿ ಗುರುತುಗಳು ಒಂದೇ ವರ್ಧನೆಯಲ್ಲಿ, ಸಾಮಾನ್ಯವಾಗಿ ಗರಿಷ್ಠದಲ್ಲಿ, ಸರಿ ಹೊಂದುತ್ತವೆ ಎಂಬುದು ನೆನಪಿರಲಿ.

ಪ್ರಶ್ನೆ: ಕೊಳವೆ 30 ಮಿಮೀ ಇದ್ದರೆ ಬೆಳಕು ಜಾಸ್ತಿಯೇ? ಕೆಂಪು ದೀಪದ ಅಡ್ಡಗೆರೆ ಬೇಕೇ?

ಉತ್ತರ: ಇಲ್ಲ, ಬೇಡ. ದಪ್ಪ ಕೊಳವೆಯಿಂದ ಸಿಗುವುದು ಮುಖ್ಯವಾಗಿ ಟರೆಟ್ ತಿರುಗಲು ಹೆಚ್ಚಿನ ಜಾಗ. ದೂರ ಹೊಡೆಯುವವರಿಗೆ ಅದು ಮುಖ್ಯ: ಒಟ್ಟು 60 ಎಂಒಎ ಇರುವ ಸ್ಕೋಪ್‌ನಲ್ಲಿ ನಡುವಿನಿಂದ ಮೇಲಕ್ಕೆ 30 ಮಾತ್ರ ಉಳಿಯುತ್ತದೆ. 20 ಎಂಒಎ ಓರೆಯಿರುವ ಬೇಸ್ (ರೈಫಲ್ ಮೇಲೆ ಸ್ಕೋಪ್ ಕೂರುವ ಹಳಿ) ಹಾಕಿದರೆ ಅದು ಸುಮಾರು 50 ಆಗುತ್ತದೆ. ಹೊಸ ಸ್ಕೋಪ್‌ಗಿಂತ ಇದು ಅಗ್ಗದ ದಾರಿ.

ಪ್ರಶ್ನೆ: ಸ್ಪ್ರಿಂಗ್ ಏರ್ ರೈಫಲ್‌ಗೆ ಹಾಕಿದ ಸ್ಕೋಪ್ ಕೆಲವೇ ವಾರಗಳಲ್ಲಿ ಕೆಟ್ಟಿತು. ರಿಕಾಯಿಲ್ ಇಲ್ಲದ ಬಂದೂಕಿನಲ್ಲಿ ಹೀಗೇಕೆ?

ಉತ್ತರ: ರಿಕಾಯಿಲ್ ಇದೆ, ಎರಡೆರಡು ಇದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ಗಕ್ಕನೆ ಮುಂದಕ್ಕೆ ಜಗ್ಗುತ್ತದೆ. ಸಾಮಾನ್ಯ ಸ್ಕೋಪ್ ಹಿಂದಿನ ಒದೆತಕ್ಕೆ ಮಾತ್ರ ತಯಾರಾಗಿರುತ್ತದೆ, ಮುಂದಿನ ಜಗ್ಗಿಗೆ ಒಳಗಿನ ಮಸೂರ ಸಡಿಲಾಗುತ್ತದೆ. ಸ್ಪ್ರಿಂಗ್ ಏರ್‌ಗನ್‌ಗೆ ತಕ್ಕದ್ದೆಂದು ತಯಾರಕರೇ ಬರೆದಿರುವುದನ್ನು ಮಾತ್ರ ಕೊಳ್ಳಿ. ರೈಫಲ್ ಮೇಲಿನ 11 ಮಿಮೀ ಡವ್‌ಟೇಲ್ ಹಳಿಗೆ, ಕೊಳವೆ ಹಿಡಿಯುವ ಬಿಡಿ ರಿಂಗ್‌ಗಳ ಬದಲು ಸ್ಟಾಪ್ ಪಿನ್ ಇರುವ ಒಂದೇ ತುಂಡಿನ ಮೌಂಟ್ ಹಾಕಿ, ಪಿನ್ ರೈಫಲ್ ಮೇಲಿನ ರಂಧ್ರದಲ್ಲಿ ಕೂರಲಿ. ಇಲ್ಲದಿದ್ದರೆ ಮೌಂಟ್ ಹಿಂದಕ್ಕೆ ಜಾರುತ್ತಲೇ ಇರುತ್ತದೆ.

ಪ್ರಶ್ನೆ: ಸ್ಕೋಪ್ ಕೂರಿಸುವುದು ನಾವೇ ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಟಾರ್ಕ್ ಸ್ಕ್ರೂಡ್ರೈವರ್ ಬೇಕು. ಮೊದಲು ಮ್ಯಾಗಜೀನ್ ತೆಗೆದು, ಬೋಲ್ಟ್ ತೆರೆದು ಚೇಂಬರ್ ಖಾಲಿ ಎಂದು ಕಣ್ಣಾರೆ ನೋಡಿ. ಬೇಸ್‌ನ ತಿರುಪುಗಳ ಎಣ್ಣೆ ಒರೆಸಿ ನೀಲಿ ಥ್ರೆಡ್‌ಲಾಕರ್ ಹಚ್ಚಿ. ರಿಂಗಿನ ಮೇಲ್ಮುಚ್ಚಳದ ತಿರುಪುಗಳಿಗೆ ಹಚ್ಚಬೇಡಿ. ಒದ್ದೆ ತಿರುಪು ಅದೇ ಟಾರ್ಕ್‌ಗೆ ಹೆಚ್ಚು ಬಿಗಿದು ಕೊಳವೆಯನ್ನು ಅಮುಕುತ್ತದೆ. ಹಳಿಗಳಲ್ಲಿ ವೀವರ್, ಪಿಕಟಿನ್ನಿ ಎಂಬ ಎರಡು ಬಗೆಯಿದೆ: ವೀವರ್ ರಿಂಗ್ ಸಾಮಾನ್ಯವಾಗಿ ಪಿಕಟಿನ್ನಿ ಹಳಿಗೆ ಕೂರುತ್ತದೆ, ಪಿಕಟಿನ್ನಿ ರಿಂಗ್ ವೀವರ್ ಹಳಿಯ ಸಣ್ಣ ತೋಡಿಗೆ ಇಳಿಯುವುದಿಲ್ಲ.

ಮುಚ್ಚಳ ಸಡಿಲವಿರುವಾಗಲೇ ವರ್ಧನೆಯನ್ನು ಗರಿಷ್ಠಕ್ಕೆ ಏರಿಸಿ, ನೀವು ಸ್ಪರ್ಧೆಯಲ್ಲಿ ಕೂರುವ ಅಥವಾ ಮಲಗುವ ಭಂಗಿಯಲ್ಲೇ ಕಣ್ಣು ಮುಚ್ಚಿ ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ಅಂಚಿನ ತನಕ ತುಂಬಿದ ಚಿತ್ರ ಕಾಣುವ ಹಾಗೆ ಸ್ಕೋಪನ್ನು ಹಿಂದೆ-ಮುಂದೆ ಸರಿಸಿ. ಬೆಂಚಿನಲ್ಲಿ ಸರಿಯೆನಿಸಿದ್ದು ಮಲಗಿದಾಗ ಹುಬ್ಬಿಗೆ ಹತ್ತಿರ ಬರುತ್ತದೆ. ನೆಟ್ಟಗಾಗಲು 20-30 ಮೀಟರ್ ದೂರದಲ್ಲಿ ತೂಕ ಕಟ್ಟಿದ ದಾರ ಇಳಿಬಿಟ್ಟು, ರೈಫಲ್ ಸಮತಟ್ಟಾಗಿರುವಾಗ ಲಂಬಗೆರೆಯನ್ನು ದಾರಕ್ಕೆ ಹೊಂದಿಸಿ. 3 ಡಿಗ್ರಿ ಓರೆಯಿದ್ದು ನೀವು 5 ಮಿಲ್ ಮೇಲಕ್ಕೆ ತಿರುಗಿಸಿದರೆ ಗುಂಡು 0.26 ಮಿಲ್ ಪಕ್ಕಕ್ಕೆ ಹೋಗುತ್ತದೆ, 200 ಮೀಟರ್‌ನಲ್ಲಿ 5 ಸೆಂಮೀ. ಅದನ್ನು ಗಾಳಿಯ ತಲೆಗೆ ಕಟ್ಟುವವರೇ ಹೆಚ್ಚು. ಕೊನೆಗೆ ಎರಡೂ ಬದಿಯ ಸಂದು ಸಮನಾಗಿರುವಂತೆ, ತಿರುಪುಗಳನ್ನು ಕರ್ಣರೇಖೆಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ತಯಾರಕರು ಬೇರೆ ಹೇಳದಿದ್ದರೆ 1.7ರಿಂದ 2 ನ್ಯೂಟನ್ ಮೀಟರ್. ಬಿಗಿದ ಮೇಲೆ ವರ್ಧನೆಯ ಉಂಗುರ ಭಾರವಾಗಿ ತಿರುಗಿದರೆ ಹೆಚ್ಚು ಬಿಗಿಯಾಯಿತು ಎಂದರ್ಥ.

ಪ್ರಶ್ನೆ: ಕೊಂಡ ಸ್ಕೋಪ್ ನಂಬಿಕಸ್ಥವೇ ಎಂದು ತಿಳಿಯುವುದು ಹೇಗೆ? ಹಳೆಯದನ್ನು ಕೊಳ್ಳಬಹುದೇ?

ಉತ್ತರ: ಅಳತೆ ಟೇಪಿನಿಂದ 100 ಮೀಟರ್ ಅಳೆಯಿರಿ, ಒಂದು ಮೀಟರ್ ತಪ್ಪಿದರೆ ಫಲಿತಾಂಶವೇ ಶೇ. 1 ತಪ್ಪುತ್ತದೆ. ಎತ್ತರದ ಹಲಗೆಯ ಮೇಲೆ ತೂಕದ ದಾರ ಹಿಡಿದು ಒಂದು ಮೀಟರಿಗಿಂತ ಉದ್ದದ ಗೆರೆ ಎಳೆಯಿರಿ, ಕೆಳಗೊಂದು ಚುಕ್ಕೆ. ಚುಕ್ಕೆಗೆ ಐದು ಗುಂಡು. ಟರೆಟ್ 10 ಮಿಲ್ ಮೇಲಕ್ಕೆ ತಿರುಗಿಸಿ ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಐದು. ಎರಡು ಗ್ರೂಪ್‌ಗಳ ನಡುವೆ 1000 ಮಿಮೀ ಇರಬೇಕು. 980 ಬಂದರೆ ಸ್ಕೋಪ್ ಶೇ. 2 ಕಡಿಮೆ ಸರಿಯುತ್ತಿದೆ. ಪ್ರತಿ ಸಲವೂ ಅಷ್ಟೇ ಕಡಿಮೆ ಇದ್ದರೆ ಲೆಕ್ಕದಲ್ಲಿ ಸರಿಪಡಿಸಿಕೊಂಡು ಬಳಸಬಹುದು. ಒಂದು ಸಲ 980, ಇನ್ನೊಂದು ಸಲ 1015 ಬಂದರೆ ವಾರಂಟಿಗೆ ಕಳಿಸಿ. ಮೇಲಿನ ಗ್ರೂಪ್ ಗೆರೆಯಿಂದ ಪಕ್ಕಕ್ಕೆ ವಾಲಿದ್ದರೆ ದೋಷ ಹೆಚ್ಚಾಗಿ ಸ್ಕೋಪ್‌ನದಲ್ಲ, ಓರೆಯಾಗಿ ಕೂರಿಸಿದ್ದರದು. ಕೊನೆಗೆ 10 ಮಿಲ್ ಕೆಳಗಿಳಿಸಿ ಮತ್ತೆ ಹೊಡೆಯಿರಿ, ಮೊದಲ ಗ್ರೂಪ್ ಮೇಲೆಯೇ ಬೀಳಬೇಕು.

ಹಳೆಯದು ಕೊಳ್ಳುವಾಗ ಗುಂಡು ಹಾರಿಸಲು ಬಿಡದಿದ್ದರೆ, ಸ್ಕೋಪನ್ನು ವೈಸ್‌ನಲ್ಲಿ ಮೃದುವಾಗಿ ಬಿಗಿದು ದೂರದ ಅಳತೆಪಟ್ಟಿಯ ಮೇಲೆ ಅಡ್ಡಗೆರೆ ಸರಿಯುವುದನ್ನು ನೋಡಿದರೂ ಸಾಕಷ್ಟು ತಿಳಿಯುತ್ತದೆ. ಕೊಳವೆಯ ಮೇಲೆ ರಿಂಗಿನ ಗುರುತು ಇದ್ದರೆ ಅಡ್ಡಿಯಿಲ್ಲ, ತಗ್ಗು ಬಿದ್ದಿದ್ದರೆ ಬೇಡ. ಒಳಗೆ ಮಂಜು ಕಂಡರೆ ತುಂಬಿದ್ದ ಅನಿಲ ಸೋರಿದೆ.

ಪ್ರಶ್ನೆ: ಕಳೆದ ವಾರದವರೆಗೆ ಚೆನ್ನಾಗಿದ್ದ ಗ್ರೂಪ್ ಈಗ ಎರಡು ಗುಂಪಾಗಿ ಒಡೆಯುತ್ತಿದೆ. ಹೊಸ ಸ್ಕೋಪ್ ಬೇಕೇ?

ಉತ್ತರ: ಅವಸರ ಬೇಡ. ಬೇಸ್ ತಿರುಪು, ರಿಂಗ್ ತಿರುಪು, ಹಿಡಿಭಾಗಕ್ಕೆ (ಸ್ಟಾಕ್) ರೈಫಲ್ ಹಿಡಿದಿಟ್ಟ ಆಕ್ಷನ್ ತಿರುಪು, ಇದೇ ಕ್ರಮದಲ್ಲಿ ಪರೀಕ್ಷಿಸಿ. ಆಮೇಲೆ ಪ್ಯಾರಲ್ಯಾಕ್ಸ್, ಆಮೇಲೆ ಗುಂಡಿನ ಲಾಟ್ ಬದಲಾಗಿದೆಯೇ ನೋಡಿ. ಎಲ್ಲ ಸರಿಯಿದ್ದರೆ ಚೆನ್ನಾಗಿರುವ ಬೇರೊಂದು ಸ್ಕೋಪನ್ನು ಅದೇ ರೈಫಲ್‌ಗೆ ಹಾಕಿ ಹೊಡೆಯಿರಿ. ಕ್ಲಿಕ್ ಮಾಡಿದ ತಕ್ಷಣ ಸರಿಯದೆ, ಎರಡು ಗುಂಡಿನ ನಂತರ ಸರಿಯುವ ಸ್ಕೋಪ್‌ನಲ್ಲಿ ಒಳಗಿನ ಸ್ಪ್ರಿಂಗ್ ಸೋತಿರುತ್ತದೆ, ಅಥವಾ ಟರೆಟ್ ತನ್ನ ಕೊನೆಯ ಅಂಚಿಗೆ ಹೋಗಿರುತ್ತದೆ. ಎರಡನೆಯದಾದರೆ ಟರೆಟ್ ನಡುವಿಗೆ ತಂದು, ಬಾಕಿ ಅಂತರವನ್ನು ಓರೆ ಬೇಸ್ ಅಥವಾ ಹೊಂದಿಸಬಲ್ಲ ಮೌಂಟ್‌ನಿಂದ ತುಂಬಿಸಿಕೊಳ್ಳಿ, ಅದೇ ಸ್ಕೋಪ್ ಮತ್ತೆ ಸರಿಹೋಗುತ್ತದೆ.