ಲಿಂಗನಮಕ್ಕಿ ತುಂಬುವ ಲೆಕ್ಕ

ಪ್ರಶ್ನೆ: ಇಂಟಿಗ್ರೇಷನ್ (ಅನುಕಲನ) ಪಾಠ ಶುರು ಮಾಡಿದರೆ ಸಾಕು, ‘ಇದು ಎಲ್ಲಿ ಬಳಕೆಗೆ ಬರುತ್ತೆ ಮೇಡಂ?’ ಅಂತಾರೆ ಹುಡುಗರು. ಏನು ಹೇಳಲಿ ಸರ್?
– ಗಣಿತ ಉಪನ್ಯಾಸಕಿ, ಸಾಗರ

ಉತ್ತರ: ಹಾಗೆ ಕೇಳುವ ಹುಡುಗರು ಸಿಕ್ಕಿದ್ದು ಪುಣ್ಯ ಮೇಡಂ. ಮಳೆಗಾಲದಲ್ಲಿ ದಿನಪತ್ರಿಕೆ ಹಿಡಿದೇ ತರಗತಿಗೆ ಹೋಗಿ. ಲಿಂಗನಮಕ್ಕಿ ಜಲಾಶಯದ ಮಟ್ಟ, ಒಳಹರಿವು ಅದರಲ್ಲಿರುತ್ತದೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ದಿನವಿಡೀ ಸುಮಾರು 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಈ ಸಂಖ್ಯೆಯನ್ನು ನೀವು ಹೇಳಬೇಡಿ, ಅವರೇ ಕಂಡುಕೊಳ್ಳಲಿ.

ಆದರೆ ಹೊಸನಗರ ಕಡೆ ಮಳೆ ಜೋರಾದಂತೆ ನಮ್ಮ ಹೊಳೆಗಳ ಹರಿವು ಗಂಟೆಗಂಟೆಗೂ ಬದಲಾಗುತ್ತದಲ್ಲ? ಗ್ರಾಫ್ ಹಾಳೆಯಲ್ಲಿ ಹರಿವಿನ ರೇಖೆ ಎಳೆದು, ರೇಖೆಯ ಕೆಳಗಿನ ಚೌಕಗಳನ್ನು ಎಣಿಸಲು ಹೇಳಿ; ಹರಿದು ಬಂದ ಒಟ್ಟು ನೀರು ಅದರಿಂದಲೇ ಸಿಗುತ್ತದೆ. ಎಣಿಸುತ್ತಿರುವುದೇ ಇಂಟಿಗ್ರೇಷನ್ ಎಂದು ಆಮೇಲೆ ಹೇಳಿದರಾಯಿತು. ಸೂತ್ರಕ್ಕೆ ಅವಸರವಿಲ್ಲ.

ಸೇತುವೆ ಆಗುವ ಮುಂಚೆ, ನನ್ನ ತರಗತಿಯಲ್ಲಿ ಲಾಂಚ್ ಹತ್ತಿ ಹಿನ್ನೀರು ದಾಟಿ ಬರುವ ಆಚೆ ದಡದ ಹುಡುಗನೊಬ್ಬನಿದ್ದ, ಬಾಯಿ ಬಿಡುತ್ತಲೇ ಇರಲಿಲ್ಲ. ಈ ಲೆಕ್ಕ ಮಾಡಿಸಿದ ದಿನ ಎದ್ದು ನಿಂತು, ‘ಬೇಸಿಗೇಲಿ ನೀರಿಳಿದು ಹೊಳೆಬಾಗಿಲ ಲಾಂಚ್ ಯಾವತ್ತು ನಿಲ್ಲುತ್ತೆ ಅಂತ ಇದರಲ್ಲೇ ಹೇಳಬಹುದಾ ಸರ್?’ ಎಂದ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.