ಆಯಿ ಬರಲಿ, ಆದರೆ ಅಕ್ಟೋಬರ್‌ನಲ್ಲಿ ಬೇಡ

ತಂಗೀ,

ಮುಂದಿನ ತಿಂಗಳು ಶಿರಸಿಯಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬರುತ್ತಿದ್ದೀಯ, ಹೆರಿಗೆ ಅಕ್ಟೋಬರ್‌ನಲ್ಲಿ. ಬಾಣಂತನಕ್ಕೆ ಆಯಿಯನ್ನು ಆಗಲೇ ಕರೆಸಿಕೊಳ್ಳಲಾ, ಅವಳು ಹೋದ ಮೇಲೆ ಒಬ್ಬಳೇ ಸುಧಾರಿಸೋದು ಆಗುತ್ತಾ ಅಂತ ಕೇಳಿದ್ದೀಯ. ಖಂಡಿತ ಕರೆಸು. ಆದರೆ ಅಕ್ಟೋಬರ್‌ನಲ್ಲಿ ಬೇಡ.

ಯಾಕೆಂದರೆ ಆಗ ನಿನ್ನ ಮನೆಯಲ್ಲಿ ಜನ ಇರುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಹೆರಿಗೆಯಾದ ಮೇಲೆ ಎಂಟು-ಹತ್ತು ದಿನ, ತರಬೇತಿ ಪಡೆದ ಹೆಂಗಸೊಬ್ಬಳು ಮನೆಗೇ ಬರುತ್ತಾಳೆ. ಕ್ರಾಮ್‌ಜೋರ್ಗ್ ಅನ್ನುತ್ತಾರೆ. ಒಟ್ಟು ಕಡಿಮೆ ಅಂದರೂ 24 ಗಂಟೆ, ಸಾಮಾನ್ಯವಾಗಿ 49 ಗಂಟೆ. ಹೊಲಿಗೆ ನೋಡುತ್ತಾಳೆ, ಜ್ವರ ನೋಡುತ್ತಾಳೆ, ಹಾಲು ಕುಡಿಸೋದು ಹೇಳಿಕೊಡುತ್ತಾಳೆ, ಬಚ್ಚಲನ್ನೂ ತೊಳೆಯುತ್ತಾಳೆ. ಮೂಲ ಆರೋಗ್ಯ ವಿಮೆಯಲ್ಲೇ ಬರುತ್ತದೆ, ನಮ್ಮ ಪಾಲು ಗಂಟೆಗೆ ಐದು ಯೂರೋ ಚಿಲ್ಲರೆ. ಎಣ್ಣೆ ತಿಕ್ಕಿ ಹಂಡೆ ನೀರು ಹೊಯ್ಯೋದಿಲ್ಲ ಅಷ್ಟೇ. ಇಲ್ಲಿಯವರು ಬಸುರಿನ ಮೂರ್ನಾಲ್ಕನೇ ತಿಂಗಳಲ್ಲೇ ಹೆಸರು ಬರೆಸುತ್ತಾರೆ. ನೀನು ಬಂದ ವಾರವೇ ವಿಮೆ, ಸೂಲಗಿತ್ತಿ, ಕ್ರಾಮ್‌ಜೋರ್ಗ್ ಮೂರನ್ನೂ ಮುಗಿಸು. ಹೌದು, ಇಲ್ಲಿ ಎಲ್ಲ ಸರಿಯಿದ್ದರೆ ಡಾಕ್ಟರಲ್ಲ, ಸೂಲಗಿತ್ತಿಯೇ ನೋಡಿಕೊಳ್ಳೋದು. ಗಾಬರಿ ಬೇಡ, ಚೆನ್ನಾಗಿ ಓದಿದವರು.

ಆ ಹತ್ತು ದಿನ ಆಯಿಯೂ ಇದ್ದರೆ ಒಂದೇ ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರು. ಕ್ರಾಮ್‌ಜೋರ್ಗ್‌ನವಳು ಕಿಟಕಿ ತೆಗಿ ಅನ್ನುತ್ತಾಳೆ, ಆಯಿ ಬಾಣಂತಿಗೆ ಗಾಳಿ ತಾಗುತ್ತದೆ ಅನ್ನುತ್ತಾಳೆ. ನಡುವೆ ಸಿಕ್ಕಿಕೊಳ್ಳುವವಳು ನೀನು.

ನಿಜವಾದ ಕಷ್ಟ ಡಿಸೆಂಬರ್, ಜನವರಿಯಲ್ಲಿ. ಬೆಳಗಾಗುವುದೇ ಎಂಟೂಮುಕ್ಕಾಲಿಗೆ, ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ನೋಡಲು ಬರುವವರೆಲ್ಲ ಬಂದು ಹೋಗಿರುತ್ತಾರೆ, ಮಗು ಮಾತ್ರ ರಾತ್ರಿ ಏಳುತ್ತಲೇ ಇರುತ್ತದೆ. ಕಾರವಾರದ ಗೆಳತಿಯೊಬ್ಬಳ ಆಯಿ ಹೆರಿಗೆಗೆ ಮುಂಚೆಯೇ ಬಂದಿದ್ದರು. ಯುರೋಪಿಗೆ ಬರುವವರ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನದೊಳಗೆ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಅವರು ಹೊರಟಾಗ ಗಂಡನ ರಜೆಯೂ ಮುಗಿದಿತ್ತು. ಅಲ್ಲಿಯವರೆಗೆ ನಗುನಗುತ್ತಾ ಇದ್ದವಳು ಜನವರಿಯಲ್ಲಿ ಪೂರ್ತಿ ಕುಸಿದಳು. ಸಹಾಯ ಕಡಿಮೆ ಇರಲಿಲ್ಲ, ಎಲ್ಲ ಒಟ್ಟಿಗೇ ಬಂದು ಒಟ್ಟಿಗೇ ಹೋಯಿತು.

ಹಾಗಾಗಿ ಗಂಡನ ರಜೆಯನ್ನು ಹಂಚಿಕೋ. ಅವನಿಗೆ ಒಂದು ವಾರ ಪೂರ್ತಿ ಸಂಬಳದ ರಜೆ ಇದೆ, ಅದನ್ನು ಮೊದಲ ನಾಲ್ಕು ವಾರದೊಳಗೆ ತೆಗೆದುಕೊಳ್ಳಬೇಕು. ಆಮೇಲೆ ಇನ್ನೂ ಐದು ವಾರ, 70% ಸಂಬಳದಲ್ಲಿ, ಮಗುವಿಗೆ ಆರು ತಿಂಗಳಾಗುವುದರೊಳಗೆ. ಈ ಐದು ವಾರವನ್ನು ಒಟ್ಟಿಗೆ ಖರ್ಚು ಮಾಡಬೇಡ. ಆಫೀಸಿನವರ ಜೊತೆ ಮಾತಾಡಿ ವಾರಕ್ಕೆ ಎರಡು ದಿನದಂತೆ ತೆಗೆದುಕೊಂಡರೆ ಸುಮಾರು ಮೂರು ತಿಂಗಳು ಬರುತ್ತದೆ. ನವೆಂಬರ್‌ನಿಂದ ಜನವರಿ ದಾಟುತ್ತದೆ. ಆ ಎರಡು ದಿನ ಮಗು ಅವನದ್ದು. ಅವನು ನಿನಗೆ ಸಹಾಯ ಮಾಡೋದಲ್ಲ, ಅವನೇ ನೋಡಿಕೊಳ್ಳೋದು. ನೀನು ಮಲಗು, ಇಲ್ಲವೇ ಹೊರಗೆ ಹೋಗು. ಪಕ್ಕದ ಕೋಣೆಯಿಂದ 'ಡೈಪರ್ ಹಾಗಲ್ಲ' ಅಂತ ಕೂಗಬೇಡ.

ಆಯಿ ಫೆಬ್ರವರಿಯಲ್ಲಿ ಬರಲಿ. ಅಡಿಕೆ ಕೊಯ್ಲು ಬಿಟ್ಟು ಅವಳು ಹೇಗೂ ನೆಮ್ಮದಿಯಿಂದ ಇರೋದಿಲ್ಲ ಅಲ್ವಾ? ಅಡಿಕೆ ಸುಲಿಯುವವರಿಗೆ ಚಾ ಯಾರು ಮಾಡುತ್ತಾರೆ ಅನ್ನೋದೇ ಚಿಂತೆ. ಕೊಯ್ಲು ಮುಗಿಸಿ ಬಂದರೆ ಇಲ್ಲಿ ಹಗಲೂ ಉದ್ದವಾಗುತ್ತಿರುತ್ತದೆ, ನಿನ್ನ ಜೊತೆ ಮೇ ತಿಂಗಳವರೆಗೆ ಇರಬಹುದು.

ಅಡುಗೆಯನ್ನು ಅರ್ಧ ಮಾಡು. ಇಲ್ಲಿ ಮಧ್ಯಾಹ್ನ ಎಲ್ಲರೂ ಬ್ರೆಡ್ಡು ಚೀಸೇ ತಿನ್ನೋದು, ನೀನೂ ತಿನ್ನು. ರಾತ್ರಿಗೆ ಅನ್ನ, ತಂಬುಳಿ ಸಾಕು. ದೋಸೆ ಹಿಟ್ಟು ರುಬ್ಬಲಿಲ್ಲ ಅಂತ ಯಾರೂ ಕೇಳೋದಿಲ್ಲ. ಕೇಳಿದವರು ಬಂದು ರುಬ್ಬಲಿ.

ಇನ್ನೊಂದು ಮಾತು. ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್‌ಸುಮ್ನೆ ಅಳು ಬರುತ್ತದೆ, ಅದು ತಾನಾಗೇ ಹೋಗುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ, ಮಗು ಮಲಗಿದ್ದರೂ ನಿನಗೆ ನಿದ್ದೆ ಬರದಿದ್ದರೆ, ಹೌಸ್‌ಆರ್ಟ್ಸ್‌ಗೆ, ಅಂದರೆ ನಿಮ್ಮ ಮನೆ ಡಾಕ್ಟರಿಗೆ, ಫೋನ್ ಮಾಡು. ಊರಲ್ಲಿ ಏನನ್ನುತ್ತಾರೋ ಅಂತ ಕಾಯಬೇಡ. ಬಾಣಂತಿಯ ಮನಸ್ಸಿನ ಬಗ್ಗೆ ಕೇಳೋದು ಅವರ ಕೆಲಸವೇ.

ಆಯಿಯ ವೀಸಾಕ್ಕೆ ದೀಪಾವಳಿ ಮುಗಿದ ಕೂಡಲೇ ಅರ್ಜಿ ಹಾಕಿಸು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಗುತ್ತದೆ. ಕೊಯ್ಲು ಜೋರಾದ ಮೇಲೆ ಅವಳನ್ನು ತೋಟದಿಂದ ಹೊರಡಿಸೋದು ಯಾರಿಂದಲೂ ಆಗೋದಿಲ್ಲ.