ಮೇಷ್ಟ್ರೇ, ಕೀಲಿ ಮೊದಲೇ ಕೊಡಬೇಡಿ

ಚಿತ್ರದುರ್ಗದ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಒಂಬತ್ತನೇ ಕ್ಲಾಸಿನಲ್ಲಿ ನಾಲ್ಕೈದು ಚುರುಕು ಮಕ್ಕಳಿದ್ದಾರೆ. ಕೊಟ್ಟ ಲೆಕ್ಕ ಬೇಗ ಮುಗಿಸಿ ಸುಮ್ನೆ ಕೂರುತ್ತಾರೆ. ಅವರಿಗೆ ಗುಪ್ತಲಿಪಿ ಕಲಿಸುವ ಆಸೆ. ಪುಸ್ತಕಗಳೆಲ್ಲ ಇಂಗ್ಲಿಷಿನವು, ಪರೀಕ್ಷೆಗೂ ಇದು ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?’

ನಮಸ್ಕಾರ ಮೇಷ್ಟ್ರೇ. ಒಡೆಯುವುದರಿಂದ ಶುರು ಮಾಡಿ, ಅದೂ ಕನ್ನಡದಲ್ಲೇ.

ಜೂಲಿಯಸ್ ಸೀಸರ್ ಪ್ರತಿ ಅಕ್ಷರವನ್ನೂ ಮೂರು ಮನೆ ಸರಿಸಿ ಪತ್ರ ಬರೆಯುತ್ತಿದ್ದ ಅಂತ ಎಲ್ಲರೂ ಮೊದಲು ಹೇಳಿಬಿಡುತ್ತಾರೆ. ಗುಟ್ಟು ಗೊತ್ತಾದ ಮೇಲೆ ಚುರುಕು ಮಕ್ಕಳಿಗೆ ಉಳಿಯುವುದು ಬರೀ ಕೂಲಿ ಕೆಲಸ. ಏನೂ ಹೇಳದೆ ಬೋರ್ಡಿನ ಮೇಲೆ ‘ಭೆತ್ತೆಧೋಹೆ’ ಅಂತ ಬರೆದು ನೋಡಿ. ಇಲ್ಲಿ ವ್ಯಂಜನ ಮಾತ್ರ ಒಂದು ಮನೆ ಮುಂದೆ ಹೋಗಿದೆ, ಸ್ವರಗಳು ಇದ್ದಲ್ಲೇ ಇವೆ, ಒತ್ತು ಇದ್ದ ಜಾಗದಲ್ಲಿ ಒತ್ತು ಹಾಗೇ ಕಾಣುತ್ತದೆ. ಎ, ಎ, ಓ, ಎ ಅಂತ ಗುನುಗುತ್ತಾ ಯಾವುದಾದರೂ ಮಗು ‘ಬೆಣ್ಣೆದೋಸೆ’ ಅಂದೇ ಅನ್ನುತ್ತದೆ. ಆಗ ಕೇಳಿ: ಈ ಗುಟ್ಟು ಎಲ್ಲಿ ಸೋರಿತು? ಸ್ವರವನ್ನೂ ಬಚ್ಚಿಡುವುದು ಹೇಗೆ? ಕಾಗುಣಿತವನ್ನು ಬಿಡಿಸಿ ಬರೆಯಬೇಕಾ? ಇಂಗ್ಲಿಷ್ ಪುಸ್ತಕದಲ್ಲಿ ಈ ಪ್ರಶ್ನೆಗಳೇ ಏಳುವುದಿಲ್ಲ, ಹಾಗಾಗಿ ಕನ್ನಡದ ಮಕ್ಕಳಿಗೆ ಇಲ್ಲಿ ಮಾಡಲು ಜಾಸ್ತಿ ಕೆಲಸವಿದೆ.

ಆಮೇಲೆ ದಿನಪತ್ರಿಕೆಯ ಒಂದು ಪುಟ ಕೊಟ್ಟು ಯಾವ ಅಕ್ಷರ ಎಷ್ಟು ಸಲ ಬಂದಿದೆ ಅಂತ ಎಣಿಸಲು ಹೇಳಿ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಪಂಡಿತ ಅಲ್-ಕಿಂದಿ ತೋರಿಸಿಕೊಟ್ಟ ದಾರಿ ಇದೇ. ಅಕ್ಷರದ ವೇಷ ಬದಲಾದರೂ ಅದು ಬರುವ ಲೆಕ್ಕ ಬದಲಾಗುವುದಿಲ್ಲ, ಹಾಗಾಗಿ ಗುಪ್ತಬರಹದಲ್ಲಿ ಜಾಸ್ತಿ ಸಲ ಬರುವ ಅಕ್ಷರ ಪತ್ರಿಕೆಯಲ್ಲಿ ಜಾಸ್ತಿ ಸಲ ಬರುವ ಅಕ್ಷರದ್ದೇ ವೇಷ ಇರಬಹುದು.

ಪರೀಕ್ಷೆಯ ಮಾತು ಬಂದರೆ ವಿಜೆನೆರ್ ಲಿಪಿ ತೋರಿಸಿ. ಅದರಲ್ಲಿ ಒಂದು ಗುಪ್ತಪದ ಇಟ್ಟುಕೊಂಡು ಒಂದೊಂದು ಅಕ್ಷರವನ್ನು ಒಂದೊಂದು ಅಳತೆಯಲ್ಲಿ ಸರಿಸುತ್ತಾರೆ. ಸುಮ್ನೆ ಎಣಿಸಿದರೆ ಅದು ಬಗ್ಗುವುದಿಲ್ಲ. 1863ರಲ್ಲಿ ಪ್ರಷ್ಯಾದ ಸೇನಾಧಿಕಾರಿ ಕಾಸಿಸ್ಕಿ ಪ್ರಕಟಿಸಿದ ಉಪಾಯ ಹೀಗೆ: ಒಂದೇ ಅಕ್ಷರಗುಂಪು ಮತ್ತೆ ಮತ್ತೆ ಬಂದಿದ್ದರೆ ನಡುವಿನ ಅಂತರಗಳನ್ನು ಬರೆದುಕೊಳ್ಳಿ, ಅವುಗಳ ಸಾಮಾನ್ಯ ಅಪವರ್ತನ ಹುಡುಕಿ, ಹೆಚ್ಚಿನ ಸಲ ಗುಪ್ತಪದದ ಉದ್ದ ಸಿಗುತ್ತದೆ. ಇದು ನಿಮ್ಮ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಪಾಠವೇ ಅಲ್ವಾ?

ಒಂದು ದಿನ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೂ ಕರೆದುಕೊಂಡು ಹೋಗಿ. ಅಲ್ಲಿರುವ ಅಶೋಕನ ಶಾಸನ ಯಾರೂ ಗುಟ್ಟಾಗಿ ಬರೆದದ್ದಲ್ಲ, ನಿಜ. ಆದರೆ ಅದರ ಬ್ರಾಹ್ಮಿ ಲಿಪಿಯನ್ನು ಓದುವುದು ಮರೆತೇ ಹೋಗಿತ್ತು. ಸಾಂಚಿಯ ಎಷ್ಟೋ ಚಿಕ್ಕ ಬರಹಗಳು ಕೊನೆಯಲ್ಲಿ ಅವೇ ಎರಡು ಅಕ್ಷರಗಳನ್ನು ಹೊಂದಿವೆ ಅಂತ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಗಮನಿಸಿದ, ಅದು ‘ದಾನಂ’ ಇರಬೇಕು ಅಂತ ಊಹಿಸಿದ, ಆ ಎಳೆ ಹಿಡಿದು 1837ರಲ್ಲಿ ಲಿಪಿಯನ್ನೇ ಬಿಡಿಸಿದ. ಬ್ರಹ್ಮಗಿರಿಯ ಶಾಸನ ಬರೆದ ಲಿಪಿಕಾರ ಚಪಡ ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಯಾಕಿರಬಹುದು ಅಂತ ಮಕ್ಕಳನ್ನೇ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ಬೇಗ ಮುಗಿಸುವ ಮಕ್ಕಳಿಗೆ ಸಿಕ್ಕಿಹಾಕಿಕೊಂಡು ಕೂರುವ ಅಭ್ಯಾಸವೇ ಇರುವುದಿಲ್ಲ, ಎರಡು ದಿನ ಒದ್ದಾಡಲಿ ಬಿಡಿ.

ಅವರೇ ಮಾಡಿದ ಒಂದು ಗುಪ್ತಲಿಪಿಯನ್ನು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ಉತ್ತರ ಬೇರೆ ಲಕೋಟೆಯಲ್ಲಿರಲಿ.

— ಸಂಪಾದಕ, ದಾವಣಗೆರೆ